ಒಂದು ದಿನ ತಾನೆ ಅನ್ನುವವರಿಗೆ

ಭಾದ್ರಪದ ಹತ್ತಿರವಾದಂತೆ ಜಿಲ್ಲಾ ಪುಟಗಳಲ್ಲಿ ಎರಡು ಸುದ್ದಿ ತಪ್ಪದೆ ಬರುತ್ತವೆ. ಮೊದಲನೆಯದು, ಶಾಂತಿ ಸಭೆಯಲ್ಲಿ ಅಧಿಕಾರಿಗಳು ಮೆರವಣಿಗೆಗೆ ಡಿಜೆ ಬೇಡ ಅಂದರು ಎಂಬುದು. ಎರಡನೆಯದು, ಆದೇಶ ಹಿಂಪಡೆಯದಿದ್ದರೆ ಉಗ್ರ ಹೋರಾಟ ಎಂಬುದು. ಆಮೇಲೆ ನಡೆಯುವ ವಾಗ್ವಾದವೂ ಸವೆದ ದಾರಿಯದೇ. ಒಂದು ಕಡೆಯವರು ಹೃದ್ರೋಗಿಗಳು, ಬಾಣಂತಿಯರು, ಪರೀಕ್ಷೆಗೆ ಓದುವ ಮಕ್ಕಳು ಅನ್ನುತ್ತಾರೆ. ಇನ್ನೊಂದು ಕಡೆಯವರು ಹಬ್ಬ, ಹುಡುಗರ ಉತ್ಸಾಹ, "ಒಂದು ದಿನ ತಾನೆ ಸಾರ್, ಅಡ್ಜಸ್ಟ್ ಮಾಡಿಕೊಳ್ಳಿ" ಅನ್ನುತ್ತಾರೆ. ಇಷ್ಟು ಜಗಳವಾಡುವ ಈ ಎರಡು ಪಂಗಡಕ್ಕೂ ಒಂದು ವಿಷಯದಲ್ಲಿ ಮಾತ್ರ ಪೂರ್ತಿ ಒಮ್ಮತವಿದೆ. ಸದ್ದಿನಿಂದ ತೊಂದರೆಯಾಗುವುದು ಸದ್ದು ಬೇಡವಾದವರಿಗೆ, ಬೇಕು ಅಂದವರಿಗೆ ಏನೂ ಆಗುವುದಿಲ್ಲ ಎಂಬ ವಿಷಯದಲ್ಲಿ. ನನ್ನ ತಕರಾರು ಈ ಒಮ್ಮತದ ಮೇಲೆ.

ಪೆಟ್ಟು ಮೊದಲು ಬೀಳುವುದು ಬಾಕ್ಸಿನ ಮುಂದೆ ಖುಷಿಯಿಂದ ನಿಂತವನಿಗೆ. ಮೂರನೇ ಅಡ್ಡರಸ್ತೆಯಲ್ಲಿ ಕಿಟಕಿ ಮುಚ್ಚಿಕೊಂಡು ಬೈಯುತ್ತ ಕೂತ ನಿವೃತ್ತ ಮೇಷ್ಟ್ರಿಗೆ ನಿದ್ದೆ ಕೆಡುತ್ತದೆ, ಬಿಪಿ ಏರುತ್ತದೆ. ಅವರ ಸಂಕಟ ಸುಳ್ಳಲ್ಲ. ಆದರೆ ಅವರ ಕಿವಿ ಉಳಿಯುತ್ತದೆ. ಹೋಗುವುದು ಬೀದಿಯಲ್ಲಿ ಕುಣಿಯುತ್ತಿರುವ ಅವರ ಹಳೇ ವಿದ್ಯಾರ್ಥಿಯದು.

ಮೆರವಣಿಗೆಯ ಗಾಡಿಯನ್ನೊಮ್ಮೆ ಹತ್ತಿರದಿಂದ ನೋಡಿ. ಲಾರಿಯ ಮೇಲೆ ಆಳೆತ್ತರಕ್ಕೆ ಪೇರಿಸಿದ ಬೇಸ್ ಬಾಕ್ಸುಗಳು, ಅವುಗಳ ತಲೆಯ ಮೇಲೆ ಟಾಪ್‌ಗಳು, ಹಿಂದೆ ಜನರೇಟರ್. ಬೇಸ್ ಬಿದ್ದಾಗಲೆಲ್ಲ ಅಂಗಡಿಯ ಶಟರ್ ಗಡಗಡ ನಡುಗುತ್ತದೆ, ಹಾಕಿಕೊಂಡ ಅಂಗಿ ಎದೆಗೆ ಬಡಿಯುತ್ತದೆ. ಬಾಕ್ಸಿನಿಂದ ಎರಡು ಮಾರು ದೂರದಲ್ಲಿ ಹುಡುಗರ ಗುಂಪು, ಗುಂಪಿನ ಅಂಚಿನಲ್ಲಿ ಅಪ್ಪನ ಹೆಗಲೇರಿದ ಮೂರು ವರ್ಷದ ಮಗು. ಗಣಪತಿ ಚೆನ್ನಾಗಿ ಕಾಣಲಿ ಅಂತ ಅಪ್ಪ ಹೊತ್ತಿದ್ದಾನೆ. ಹೊತ್ತದ್ದರಿಂದ ಮಗುವಿನ ಕಿವಿ ಟಾಪ್‌ನ ಬಾಯಿಗೆ ನೇರವಾಗಿದೆ. ಮಗು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತದೆ. ಸುತ್ತಲಿದ್ದವರು ನಗುತ್ತಾರೆ, ಅಮ್ಮ ಅದರ ಕೈ ಬಿಡಿಸಿ ಚಪ್ಪಾಳೆ ಹೊಡೆಸುತ್ತಾಳೆ. ಆ ಬೀದಿಯಲ್ಲಿ ಅಷ್ಟು ಜನರ ಪೈಕಿ ವಿವೇಕದ ಕೆಲಸ ಮಾಡಿದ್ದು ಆ ಮಗು ಒಂದೇ, ಅದನ್ನೂ ತಿದ್ದಿಬಿಟ್ಟೆವು.

ಇದೇ ಅಪ್ಪ ಪೀಣ್ಯದ ಪ್ರೆಸ್ ಶಾಪ್‌ನಲ್ಲಿ ಕೆಲಸಕ್ಕಿದ್ದಾನೆ ಅಂತಿಟ್ಟುಕೊಳ್ಳಿ. ಅಲ್ಲಿ ಸದ್ದು 90 ಡೆಸಿಬಲ್ ಇದ್ದರೆ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಬರಿಗಿವಿಯಲ್ಲಿ ನಿಲ್ಲಿಸುವಂತಿಲ್ಲ. ಸದ್ದಿನಿಂದ ಬರುವ ಕಿವುಡು ಕಾರ್ಮಿಕರ ಸುರಕ್ಷತೆಯ ಕಾನೂನಿನಲ್ಲಿ ಹೆಸರಿಸಿದ ರೋಗ. ವೈದ್ಯರು ಕಂಡರೆ ಸರ್ಕಾರಕ್ಕೆ ತಿಳಿಸಬೇಕು. ಸೇಫ್ಟಿ ಆಫೀಸರ್ ಬಂದು "ಎಲ್ಲಯ್ಯಾ ನಿನ್ನ ಇಯರ್ ಮಫ್?" ಅಂತ ಗದರುತ್ತಾನೆ. ಶನಿವಾರ ಸಂಜೆ ಅದೇ ಮನುಷ್ಯ ಅದಕ್ಕಿಂತ ಎಷ್ಟೋ ಪಟ್ಟು ಜೋರಾದ ಸದ್ದಿನೆದುರು ನಿಂತಾಗ ಕೇಳುವವರಿಲ್ಲ. ದುಡಿಯುವಾಗ ಕಿವಿಗೆ ಬೆಲೆ ಇದೆ, ಕುಣಿಯುವಾಗ ಇಲ್ಲ!

ಶಬ್ದಮಾಲಿನ್ಯದ ಕಾನೂನು ಇದೆಯಲ್ಲ ಅಂತೀರಿ. ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬಂದ್. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳ ನೆಪದಲ್ಲಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಧ್ವನಿವರ್ಧಕದ ಸದ್ದು ಆ ಜಾಗದ ಗಡಿಯಲ್ಲಿ 75 ದಾಟಬಾರದು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ವಿವರವಾದ ತೀರ್ಪು ಕೊಟ್ಟು, ಬೇಡದವರ ಕಿವಿಗೆ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲ ಅಂದಿತು. ಒಳ್ಳೆಯದೇ ಆಯಿತು. ಆದರೆ ಗಮನಿಸಿ, ಎಲ್ಲ ಅಳತೆಯೂ ಗಡಿಯ ಹತ್ತಿರ, ಬೇಲಿಯಾಚೆ, ನೆರೆಮನೆಯ ಕಿಟಕಿಯ ಬಳಿ. ಬೇಲಿಯೊಳಗೆ ನಿಂತು ಕೇಳುವವನ ಕಿವಿಗೆ ಎಷ್ಟು ಬೀಳಬಹುದು ಎಂಬ ಮಾತೇ ಆ ನಿಯಮಗಳಲ್ಲಿ ಇಲ್ಲ. ಬೀದಿಯ ಜಗಳದಲ್ಲಿರುವ ಕುರುಡೇ ಕಾನೂನಿಗೂ ಇದೆ.

ಈಗ "ಒಂದು ದಿನ ತಾನೆ" ಅನ್ನುವ ಮಾತಿಗೆ ಬರೋಣ. ಡೆಸಿಬಲ್ ಲೆಕ್ಕ ನಮ್ಮ ಕೂಡುವ ಲೆಕ್ಕದ ಹಾಗಲ್ಲ, ಮೀಟರ್ ಬಡ್ಡಿಯ ಹಾಗೆ. ಮೂರು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ, ಕಿವಿ ಅದನ್ನು ತಡೆದುಕೊಳ್ಳುವ ಹೊತ್ತು ಅರ್ಧ. ತಜ್ಞರು ಬಳಸುವ ಲೆಕ್ಕದಲ್ಲಿ 85 ಡೆಸಿಬಲ್‌ಗೆ ದಿನಕ್ಕೆ ಎಂಟು ಗಂಟೆ, 88ಕ್ಕೆ ನಾಲ್ಕು, 94ಕ್ಕೆ ಒಂದೇ ಗಂಟೆ. 100 ಆದರೆ ಕಾಲು ಗಂಟೆ. 106ಕ್ಕೆ ನಾಲ್ಕು ನಿಮಿಷವೂ ಇಲ್ಲ. ಒಂದು ಸಿನಿಮಾ ಹಾಡು ಮುಗಿಯುವುದರೊಳಗೆ ಆ ದಿನದ ಪಾಲು ಖರ್ಚಾಗಿರುತ್ತದೆ. ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ 100 ದಾಟುವುದು ಮಾಮೂಲು, ಬಾಕ್ಸಿಗೆ ಅಂಟಿಕೊಂಡು ನಿಂತವರ ಗತಿ ಇನ್ನೂ ಕಷ್ಟ. ಬಯಲಾದರೆ ದೂರ ಹೋದಷ್ಟೂ ಸದ್ದು ಬೇಗ ಕುಗ್ಗುತ್ತದೆ. ನಮ್ಮ ಪೇಟೆ ಬೀದಿಗಳಲ್ಲಿ ಎರಡೂ ಕಡೆ ಮೂರು ಅಂತಸ್ತಿನ ಗೋಡೆ. ಕುಗ್ಗಬೇಕಾದ ಸದ್ದು ಬಡಿದು ವಾಪಸ್ ಬರುತ್ತದೆ.

ಇಲ್ಲಿ ಒಬ್ಬ ಬುದ್ಧಿವಂತ ಎದ್ದು ಕೇಳಬಹುದು: ಈ ಲೆಕ್ಕ ವರ್ಷಗಟ್ಟಲೆ ದಿನಾ ಸದ್ದಿನಲ್ಲಿ ದುಡಿಯುವವರಿಗೆ ಮಾಡಿದ್ದು, ವರ್ಷಕ್ಕೊಮ್ಮೆ ಕುಣಿಯುವವರಿಗಲ್ಲವಲ್ಲ? ನ್ಯಾಯವಾದ ಪ್ರಶ್ನೆ. ಒಂದು ಸಂಜೆಗೆ ಯಾರೂ ಸಾಮಾನ್ಯವಾಗಿ ಕಿವುಡರಾಗುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಆ ಒಂದು ಸಂಜೆ ಎಲ್ಲಿದೆ ತೋರಿಸಿ. ಗಣಪತಿಯೇ ಒಂದು ದಿನದ್ದಲ್ಲ. ಮೂರನೇ ದಿನ ಬಿಡುವವರು, ಐದನೇ ದಿನದವರು, ಒಂಬತ್ತು, ಹನ್ನೊಂದು, ತಿಂಗಳಾದ ಮೇಲೆ ಬಿಡುವ ಮಹಾಗಣಪತಿ. ಆಮೇಲೆ ದಸರಾ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಅದು ಮುಗಿಯುವುದು ಜನವರಿಯಲ್ಲಿ. ನಡುವೆ ಈದ್ ಮಿಲಾದ್, ಜಯಂತಿಗಳು, ಜಾತ್ರೆ, ಅಣ್ಣಮ್ಮ ದೇವಿ ಉತ್ಸವ, ಹೊಸ ವರ್ಷ, ಕಾಲೇಜು ಫೆಸ್ಟ್, ನೆಚ್ಚಿನ ನಟನ ಸಿನಿಮಾ ಬಿಡುಗಡೆ. ಇವೆಲ್ಲದರ ಮೇಲೆ ಮದುವೆಗಳು. ಆರತಕ್ಷತೆಯ ಹಾಲ್‌ನಲ್ಲಿ ಆರ್ಕೆಸ್ಟ್ರಾ ಶುರುವಾದ ಮೇಲೆ ಬೀಗರು ಬೀಗರ ಕಿವಿಗೆ ಬಾಯಿಟ್ಟು ಕಿರುಚುವುದನ್ನು ನೀವೂ ಕಂಡಿದ್ದೀರಿ. ಕೈಯಳತೆಯಲ್ಲಿರುವವನ ಜೊತೆ ಮಾತಾಡಲು ದನಿ ಏರಿಸಬೇಕಾಗಿ ಬಂದರೆ ನೀವು ಅಪಾಯದ ಗೆರೆ ದಾಟಿದ್ದೀರಿ ಅಂತಲೇ ಅರ್ಥ, ಅದಕ್ಕೆ ಮೀಟರ್ ಬೇಕಿಲ್ಲ. ಉಳಿದ ದಿನ ಬಸ್ಸಿನ ಗದ್ದಲ ಮುಚ್ಚುವಷ್ಟು ಜೋರಾಗಿ ಇಯರ್‌ಫೋನ್. ಪ್ರತಿಯೊಂದು ಸಮಿತಿಗೂ ತನ್ನದು ಒಂದು ದಿನ. ಕಿವಿ ಮಾತ್ರ ಎಲ್ಲರ ಒಂದೊಂದು ದಿನವನ್ನೂ ಕೂಡಿಕೊಳ್ಳುತ್ತ ಹೋಗುತ್ತದೆ.

"ಕಿವಿ ಒಗ್ಗಿಕೊಳ್ಳುತ್ತೆ ಬಿಡಿ" ಎಂಬುದು ಎರಡನೇ ನಂಬಿಕೆ. ಇದನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ, ತಮಗೆ ಆದದ್ದನ್ನೇ ಹೇಳುತ್ತಿದ್ದಾರೆ. ಮೊದಮೊದಲು ಚುಚ್ಚಿದ ಸದ್ದು ಎರಡು ಗಂಟೆಯ ನಂತರ ಚುಚ್ಚುವುದಿಲ್ಲ. ಯಾಕೆ ಅಂದರೆ ಅಷ್ಟರಲ್ಲಿ ಕಿವಿ ಮಂಕಾಗಿದೆ. ಒಳಗಿವಿಯ ಬಸವನಹುಳುವಿನಾಕಾರದ ಸುರುಳಿಯಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಗಾಳಿಯ ಅಲುಗಾಟವನ್ನು ನರಕ್ಕೆ ಅರ್ಥವಾಗುವ ಸುದ್ದಿಯಾಗಿ ಮಾಡುವುದು ಅವೇ. ಹುಟ್ಟುವಾಗ ಕೊಟ್ಟಷ್ಟೇ, ಸತ್ತ ಕೋಶಕ್ಕೆ ಬದಲಿ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತದೆ, ಮನುಷ್ಯನಿಗಿಲ್ಲ. ಕಿವಿಗೆ ರಕ್ಷಣೆಯಾಗಿ ಒಂದು ಪುಟ್ಟ ಸ್ನಾಯು ಇದೆ ನಿಜ, ಜೋರು ಸದ್ದು ಬಿದ್ದಾಗ ಬಿಗಿದುಕೊಳ್ಳುತ್ತದೆ. ಆದರೆ ಅದು ಎಚ್ಚೆತ್ತುಕೊಳ್ಳುವುದು ತಡ, ದಣಿಯುವುದು ಬೇಗ. ರಾತ್ರಿಯಿಡೀ ಪಟಾಕಿ, ಬೇಸ್ ತಡೆಯಲಿ ಅಂತ ಪ್ರಕೃತಿ ಅದನ್ನು ಇಟ್ಟದ್ದಲ್ಲ.

ಮನೆಗೆ ಬಂದು ಮಲಗಿದಾಗ ಕಿವಿ ಗುಂಯ್ ಅನ್ನುತ್ತದೆ, ಹತ್ತಿ ತುರುಕಿದ ಹಾಗೆ ದಪ್ಪಗಾಗಿರುತ್ತದೆ. ಬೆಳಿಗ್ಗೆ ಎದ್ದರೆ ಸರಿ. "ನೋಡಿ, ಏನೂ ಆಗಿಲ್ಲ." ನಮ್ಮ ಧೈರ್ಯವೆಲ್ಲ ನಿಂತಿರುವುದು ಈ ಬೆಳಗಿನ ಮೇಲೆ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಈ ಧೈರ್ಯಕ್ಕೆ ಕೊಡಲಿ ಹಾಕಿದರು. ಇಲಿಗಳಿಗೆ ಎರಡು ಗಂಟೆ ಜೋರು ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಇಲಿಗಳ ಶ್ರವಣ ಪರೀಕ್ಷೆ ಮೊದಲಿನಂತೆಯೇ ಬಂತು, ರೋಮಕೋಶಗಳೂ ಉಳಿದಿದ್ದವು. ಆದರೆ ಕೋಶಕ್ಕೂ ನರಕ್ಕೂ ಇರುವ ಕೊಂಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸುರುಳಿಯ ಕೆಲವು ಭಾಗಗಳಲ್ಲಿ ಶಾಶ್ವತವಾಗಿ ಕಡಿದುಹೋಗಿದ್ದವು. ಇಲಿಯ ಕಿವಿಯ ಲೆಕ್ಕವನ್ನು ಮನುಷ್ಯನಿಗೆ ಹಾಗೇ ಒಪ್ಪಿಸಬಹುದೇ ಎಂದು ಆ ಕ್ಷೇತ್ರದವರೇ ಈಗಲೂ ವಾದಿಸುತ್ತಾರೆ, ವಾದಿಸಲಿ. ಬೆಳಿಗ್ಗೆ ಸರಿಹೋಯಿತು ಅನ್ನುವುದು ಏನೂ ಆಗಿಲ್ಲ ಅನ್ನುವುದಕ್ಕೆ ಸಾಕ್ಷಿಯಾಗಲಾರದು ಎಂಬಷ್ಟನ್ನು ಆ ಇಲಿಗಳು ತೋರಿಸಿಕೊಟ್ಟವು.

ಇನ್ನು ಕಿವುಡು ಅಂದರೆ ಏನೂ ಕೇಳಿಸದಿರುವುದು ಅಂತ ನಾವು ತಿಳಿದಿರುವುದೂ ತಪ್ಪು. ಸದ್ದಿನ ಹೊಡೆತ ಮೊದಲು ಬೀಳುವುದು 4000 ಹರ್ಟ್ಸ್ ಆಸುಪಾಸಿನ ಕೀಚು ಸ್ವರಗಳ ಮೇಲೆ. ಸ, ಶ, ಚ, ತ ಇಂಥ ಅಕ್ಷರಗಳು ಬಿಡಿಬಿಡಿಯಾಗಿ ತಿಳಿಯುವುದಕ್ಕೆ ಆ ಎತ್ತರದ ಸ್ವರಗಳು ಬೇಕು. ಅವು ಮಾಸಿದ ಮನುಷ್ಯನಿಗೆ ಮಾತು ಕೇಳಿಸುತ್ತದೆ, ಏನಂದರು ಅಂತ ತಿಳಿಯುವುದಿಲ್ಲ. ಆಫೀಸಿನಲ್ಲಿ "ಆಂ?" ಅಂತಾನೆ, ಮನೆಯಲ್ಲಿ ಟಿವಿ ಜೋರು ಮಾಡುತ್ತಾನೆ, ನಾಲ್ಕು ಜನ ಸೇರಿದ ಕಡೆ ನಗುವವರನ್ನು ನೋಡಿ ನಗುತ್ತಾನೆ. ನಲವತ್ತಕ್ಕೇ ಹೀಗಾದವನನ್ನು ಹೆಂಡತಿ "ಇವರಿಗೆ ಹೇಳಿದ್ದು ತಲೆಗೇ ಹೋಗಲ್ಲ" ಅಂತ ಬೈಯುತ್ತಾಳೆಯೇ ಹೊರತು ಅವನ ಇಪ್ಪತ್ತನೇ ವಯಸ್ಸಿನ ಮೆರವಣಿಗೆಗಳನ್ನು ಯಾರೂ ನೆನೆಯುವುದಿಲ್ಲ. ಕೆಲವರಿಗೆ ಆ ಗುಂಯ್ ಸದ್ದು ಬೆಳಿಗ್ಗೆಗೂ ನಿಲ್ಲುವುದಿಲ್ಲ, ವರ್ಷವಾದರೂ ನಿಲ್ಲುವುದಿಲ್ಲ. ಅದನ್ನು ಅಳಿಸಿಹಾಕುವ ಮಾತ್ರೆ ಈವರೆಗೆ ಬಂದಿಲ್ಲ.

ಸಂಪ್ರದಾಯದ ವಾದ ಈ ಎರಡು ನಂಬಿಕೆಗಳಿಗಿಂತ ಗಟ್ಟಿ, ಹಾಗಾಗಿ ಅದಕ್ಕೆ ಗೌರವದಿಂದಲೇ ಉತ್ತರ ಕೊಡಬೇಕು. ನಮ್ಮದು ಡೊಳ್ಳು, ತಮಟೆ, ನಗಾರಿ, ಚೆಂಡೆಯ ನಾಡು; ಗಟ್ಟಿಮೇಳವಿಲ್ಲದೆ ತಾಳಿ ಕಟ್ಟಿಸದ ಜನ ನಾವು. ಸದ್ದು ನಮಗೆ ಹೊಸದೇ? ಹೊಸದಲ್ಲ. ನನಗೂ ಡೊಳ್ಳು ಬಾರಿಸುವ ಕಡೆ ಕಾಲು ನಿಲ್ಲುವುದಿಲ್ಲ. ಆದರೆ ಡೊಳ್ಳಿನವನ ರಟ್ಟೆ ಸೋಲುತ್ತದೆ. ತಮಟೆಯವನು ಬೀಡಿ ಸೇದಲು, ತಮಟೆ ಕಾಯಿಸಲು ನಿಲ್ಲಿಸುತ್ತಾನೆ. ಮೇಳದವನಿಗೆ ಉಸಿರು ಬೇಕು. ಮನುಷ್ಯನ ದಣಿವೇ ಆ ಸದ್ದಿಗೆ ಹಾಕಿದ ಕಡಿವಾಣ, ನಡುನಡುವೆ ಕಿವಿಗೆ ಸಿಗುವ ಬಿಡುವು. ಆಂಪ್ಲಿಫೈಯರ್ ದಣಿಯುವುದಿಲ್ಲ, ಡೀಸೆಲ್ ಇರುವವರೆಗೆ ಹೊಡೆಯುತ್ತಲೇ ಇರುತ್ತದೆ. ಇದನ್ನು ಸಂಪ್ರದಾಯ ಅನ್ನುವವರು, ಡಿಜೆ ಬಂದ ಮೇಲೆ ತಮ್ಮೂರಿನ ಎಷ್ಟು ತಮಟೆ ತಂಡಗಳಿಗೆ ಮೆರವಣಿಗೆಯ ವೀಳ್ಯ ತಪ್ಪಿತು ಅಂತ ಒಮ್ಮೆ ವಿಚಾರಿಸಲಿ. ಹಾಗಂತ ಹಳೆಯದೆಲ್ಲ ಕಿವಿಗೆ ಹಿತ ಅಂತಲೂ ಅಲ್ಲ; ಬರಿಗಿವಿಯಲ್ಲಿ ದಶಕಗಟ್ಟಲೆ ಚೆಂಡೆ ನುಡಿಸುವವರ ಕಿವಿಯ ಬಗ್ಗೆ ನಮ್ಮ ಕಲಾಭಿಮಾನಿಗಳು ಮರುಗಿದ್ದು ಕಡಿಮೆ. ಈಗಂತೂ ಚೆಂಡೆಗೂ ಮೈಕ್ ಇಡುತ್ತಾರೆ.

"ಅವರದು ಮೊದಲು ನಿಲ್ಲಿಸಿ" ಎಂಬ ವಾದಕ್ಕೆ ಹೆಚ್ಚು ಶಾಯಿ ಖರ್ಚು ಮಾಡಲಾರೆ. ಯಾರ ಮೈಕು, ಯಾರ ಮೆರವಣಿಗೆ ಅಂತ ರೋಮಕೋಶ ಕೇಳುವುದಿಲ್ಲ. ಅವರ ಹುಡುಗರು ಕಿವಿ ಕಳೆದುಕೊಳ್ಳುವವರೆಗೆ ನಮ್ಮ ಹುಡುಗರೂ ಕಳೆದುಕೊಳ್ಳಲಿ ಎಂಬುದು ಯಾವ ಧರ್ಮಾಭಿಮಾನವೋ ನನಗೆ ತಿಳಿಯದು.

ಆದರೆ ಸದ್ದಿನ ವಿರೋಧಿಗಳಿಗೂ ಒಂದು ಮಾತು ಹೇಳಬೇಕು. ಪತ್ರಿಕೆಗೆ ಪತ್ರ ಬರೆಯುವಾಗ ಅವರು ಡೆಸಿಬಲ್‌ಗಿಂತ ಹೆಚ್ಚಾಗಿ ಬರೆಯುವುದು ಹುಡುಗರ ಕುಣಿತ, ಕುಡಿತ, ಹಾಡಿನ ಆಯ್ಕೆಯ ಬಗ್ಗೆ. ಅದೇ ಜನ ಅರಮನೆ ಮೈದಾನದಲ್ಲಿ ಸಾವಿರಾರು ರೂಪಾಯಿ ಟಿಕೆಟ್‌ನ ಕಾರ್ಯಕ್ರಮವಾದರೆ ಬೆಂಗಳೂರು ಬೆಳೆಯಿತು ಅನ್ನುತ್ತಾರೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅಲ್ಲಿ ನುಡಿಸಿದಾಗ ಅದು ನಗರಕ್ಕೆ ಹೆಮ್ಮೆ. ದಾವಣಗೆರೆಯ ಬೀದಿಯಲ್ಲಾದರೆ ಸಂಸ್ಕೃತಿಯ ಅಧಃಪತನ. ಕಿವಿಯ ಮಾತನ್ನು ಅಭಿರುಚಿಯ ಮಾತಾಗಿ ಮಾಡಿದ್ದರಿಂದಲೇ ಹುಡುಗರು ನಮ್ಮ ಮಾತು ಕೇಳುವುದಿಲ್ಲ. ಹಾಡು ಯಾವುದೇ ಇರಲಿ, ಕುಣಿಯಲಿ. ಕಿವಿ ಇಟ್ಟುಕೊಂಡು ಕುಣಿಯಲಿ.

ಮೆಟಾಲಿಕಾ ಅಂದೆನಲ್ಲ, ಅದರ ಡ್ರಮ್ಮರ್ ಲಾರ್ಸ್ ಉಲ್ರಿಚ್ ತನ್ನ ಕಿವಿಯಲ್ಲಿ ಸದಾ ಗುಂಯ್ ಸದ್ದಿದೆ ಎಂದು ಬಹಿರಂಗವಾಗಿ ಹೇಳಿಕೊಂಡು ಯುವಕರಿಗೆ ಎಚ್ಚರಿಕೆ ಕೊಟ್ಟವನು. ಕೋಲ್ಡ್‌ಪ್ಲೇಯ ಕ್ರಿಸ್ ಮಾರ್ಟಿನ್‌ಗೂ ಅದೇ ತೊಂದರೆ. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಎಷ್ಟೋ ವರ್ಷ ಮೊದಲೇ ಈ ಮಾತು ಆಡಿದ್ದ. ಇವತ್ತು ದೊಡ್ಡ ವೇದಿಕೆಯ ಮೇಲಿರುವವರ ಕಿವಿ ನೋಡಿ, ಹೆಚ್ಚಿನವರ ಕಿವಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಮಾನಿಟರ್ ಕೂತಿರುತ್ತದೆ, ಹೊರಗಿನ ಸದ್ದನ್ನು ತಡೆಯುತ್ತದೆ. ಹಾಡುವವನು ಕಿವಿ ಮುಚ್ಚಿಕೊಂಡಿದ್ದಾನೆ, ಕೇಳುವವನು ತೆರೆದಿಟ್ಟುಕೊಂಡು ಅದನ್ನೇ ಗಂಡಸುತನ ಅಂದುಕೊಂಡಿದ್ದಾನೆ.

ಇಯರ್ ಪ್ಲಗ್ ಹಾಕಿದರೆ ಮಜಾ ಹೋಗುತ್ತದೆ ಅನ್ನುವವರು ಬಹುಪಾಲು ಹಾಕಿ ನೋಡಿಯೇ ಇಲ್ಲ, ಅಥವಾ ತಪ್ಪಾಗಿ ಹಾಕಿದ್ದಾರೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಪಂಜಿನ ಪ್ಲಗ್ಗನ್ನು ಕಿವಿಯ ಬಾಯಿಗೆ ಒತ್ತಿಟ್ಟರೆ ಪ್ರಯೋಜನವಿಲ್ಲ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಬೇಕು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಜಾರಿಸಬೇಕು, ಅದು ಉಬ್ಬಿ ಕೂರುವವರೆಗೆ ಬೆರಳಲ್ಲಿ ಹಿಡಿದಿರಬೇಕು. ಸರಿಯಾಗಿ ಕೂತರೆ ನಿಮ್ಮ ದನಿ ನಿಮಗೇ ತಲೆಯೊಳಗಿಂದ ಬಂದ ಹಾಗಿರುತ್ತದೆ. ಹದಿನೈದು ಡೆಸಿಬಲ್ ತಗ್ಗಿದರೂ ಸಾಕು, 100ರ ಸದ್ದು 85ಕ್ಕೆ ಇಳಿಯುತ್ತದೆ. ಕಾಲು ಗಂಟೆಯ ಮಿತಿ ಎಂಟು ಗಂಟೆಗೆ ಏರುತ್ತದೆ. ಸ್ಪಂಜು ಕೀಚು ಸ್ವರಗಳನ್ನು ಹೆಚ್ಚು ನುಂಗುವುದರಿಂದ ಹಾಡು ಕಂಬಳಿಯೊಳಗಿಂದ ಕೇಳಿಸಿದಂತಾಗುವುದು ನಿಜ. ಅದಕ್ಕೆಂದೇ ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ, ಸಂಗೀತಗಾರರ ಪ್ಲಗ್ಗುಗಳು 1980ರ ದಶಕದಿಂದಲೂ ಇವೆ. ಬೆಲೆ ಜಾಸ್ತಿ, ಆದರೆ ಒಂದು ಟಿಕೆಟ್‌ನ ಬೆಲೆಗಿಂತ ಹೆಚ್ಚೇನಲ್ಲ. ಬರೀ ಹತ್ತಿ ತುರುಕಿಕೊಳ್ಳುವುದು ಸಮಾಧಾನಕ್ಕೆ ಅಷ್ಟೆ. ಚಿಕ್ಕ ಮಕ್ಕಳಿಗೆ ಪ್ಲಗ್ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ; ಕಿವಿಯ ಮೇಲೆ ಕೂರುವ ಮಫ್ ಸಿಗುತ್ತದೆ, ಅದೂ ಇಲ್ಲದಿದ್ದರೆ ಮಗುವನ್ನು ಬಾಕ್ಸಿನ ಹತ್ತಿರ ಒಯ್ಯಬೇಡಿ. ಮರುದಿನವೂ ಕಿವಿ ಬಿಟ್ಟುಕೊಳ್ಳದಿದ್ದರೆ ಎಣ್ಣೆ ಬಿಡುತ್ತ ಕೂರದೆ ಇಎನ್‌ಟಿ ವೈದ್ಯರನ್ನು ಕಾಣಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಶ್ರವಣ ಪರೀಕ್ಷೆ ಮುದುಕರ ಕೆಲಸ ಅಂತ ಅಲ್ಲಿ ಯಾರೂ ಹೇಳಿಲ್ಲ.

ಆದರೆ ಪ್ಲಗ್ಗಿನ ಮಾತು ಹೇಳಿ ಸಂಘಟಕರನ್ನು ಬಿಟ್ಟುಬಿಟ್ಟರೆ ಅದೂ ಮೋಸವೇ. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಸಂಗೀತದ ಜಾಗಗಳಿಗೆ ಒಂದು ಮಾನದಂಡ ಹೊರಡಿಸಿತು: ಸರಾಸರಿ 100 ಡೆಸಿಬಲ್ ಮೀರದಂತೆ ಅಳೆಯುತ್ತಿರಬೇಕು, ಕಿವಿಯ ರಕ್ಷಣೆ ಅಲ್ಲೇ ಸಿಗಬೇಕು, ಸುಧಾರಿಸಿಕೊಳ್ಳಲು ಸದ್ದಿಲ್ಲದ ಜಾಗ ಇರಬೇಕು. ಸ್ವಿಟ್ಜರ್ಲೆಂಡಿನಲ್ಲಿ 93 ದಾಟುವ ಕಾರ್ಯಕ್ರಮದವರು ಬಂದವರಿಗೆ ಇಯರ್ ಪ್ಲಗ್ ಪುಕ್ಕಟೆ ಕೊಡಬೇಕೆಂದು ಕಾನೂನೇ ಇದೆ. ಅಲ್ಲಿ ಯಾರೂ ಸಂಗೀತ ನಿಲ್ಲಿಸಿಲ್ಲ. ನಮ್ಮಲ್ಲಿ ಇರುವುದು ಎರಡೇ: ಪೂರ್ತಿ ನಿಷೇಧ, ಇಲ್ಲವೇ ಪೂರ್ತಿ ಕಣ್ಣುಮುಚ್ಚಿಕೊಳ್ಳುವುದು. ನಿಷೇಧದ ಏಟು ಬೀಳುವುದು ಸಾಲ ಮಾಡಿ ಬಾಕ್ಸು ಕೊಂಡು, ಸೀಸನ್ನಿನಲ್ಲಿ ಕಂತು ತೀರಿಸುವ ಡಿಜೆ ಹುಡುಗನ ಮೇಲೆ. ಅವನು ಪ್ರತಿಭಟನೆಗೆ ಬಂದರೆ ತಪ್ಪೇನೂ ಇಲ್ಲ. ಆದರೆ ಎಲ್ಲ ಕಾರ್ಯಕ್ರಮಕ್ಕೂ ಬಾಕ್ಸಿನ ಹತ್ತಿರವೇ ನಿಲ್ಲುವವನೂ ಅವನೇ, ಎಲ್ಲರಿಗಿಂತ ಮೊದಲು ಕಿವಿ ಕಳೆದುಕೊಳ್ಳುವವನೂ ಅವನೇ. ವಾಲ್ಯೂಮ್ ಇಳಿಸಿದರೆ ಬಾಡಿಗೆ ಇಳಿಯುವುದಿಲ್ಲ. ಎದುರು ಗಲ್ಲಿಯವರಿಗಿಂತ ನಮ್ಮದು ಜೋರಿರಬೇಕು ಅಂತ ಅವನ ಮೇಲೆ ಒತ್ತಡ ಹಾಕುವುದು ಸಮಿತಿಯವರು.

ಆದ್ದರಿಂದ ಈ ಸಲ ಚಂದಾ ಕೇಳಲು ಸಮಿತಿಯವರು ಮನೆ ಬಾಗಿಲಿಗೆ ಬಂದಾಗ ಬೈದು ಕಳಿಸಬೇಡಿ, ಒಳಗೆ ಕೂರಿಸಿ. ಬಾಕ್ಸಿನ ಮುಂದೆ ಹತ್ತು ಅಡಿ ಬಿಟ್ಟು ಹಗ್ಗ ಕಟ್ಟುತ್ತೀರಾ, ಮಕ್ಕಳನ್ನು ಹಗ್ಗದ ಹತ್ತಿರ ಬಿಡದೆ ನೋಡಿಕೊಳ್ಳುತ್ತೀರಾ, ಪ್ರಸಾದದ ಜೊತೆ ಹುಡುಗರಿಗೆ ಒಂದೊಂದು ಜೊತೆ ಇಯರ್ ಪ್ಲಗ್ ಹಂಚುತ್ತೀರಾ, ಅರ್ಧ ಗಂಟೆಗೊಮ್ಮೆ ಹಾಡು ನಿಲ್ಲಿಸಿ ತಮಟೆಯವರಿಗೆ ಜಾಗ ಬಿಡುತ್ತೀರಾ ಅಂತ ಕೇಳಿ. ಹೂಂ ಅಂದರೆ ಕಳೆದ ವರ್ಷಕ್ಕಿಂತ ನೂರು ರೂಪಾಯಿ ಜಾಸ್ತಿ ಕೊಡಿ. ಇಲ್ಲ ಅಂದರೆ ರಸೀದಿ ಹರಿಯುವುದು ಬೇಡ ಅನ್ನಿ.